ಕೂಗಳತೆಯ ತಂತಿ

ನಮ್ಮ ಮನೆಗೂ ಅತ್ತೆಯ ಮನೆಗೂ ಎಷ್ಟು ದೂರ ಎಂದು ಯಾರಾದರೂ ಕೇಳಿದರೆ ಅಪ್ಪ ಗಜ, ಮೀಟರು ಎಂದೆಲ್ಲ ಹೇಳುತ್ತಿರಲಿಲ್ಲ. 'ಒಂದು ಕೂಗಳತೆ' ಅನ್ನುತ್ತಿದ್ದರು. ಗೋಣಿಬೀಡಿನಿಂದ ಒಳಗೆ, ಕಾಫಿ ತೋಟದ ಇಳಿಜಾರಿನಲ್ಲಿ ನಮ್ಮದು ಮೇಲ್ಮನೆ. ಅಪ್ಪನ ಅಕ್ಕನದು ಕೆಳಮನೆ. ಗಂಡ ತೀರಿಕೊಂಡ ಮೇಲೆ ತವರಿಗೆ ಬಂದ ಅತ್ತೆ, ಅಜ್ಜ ಬಿಟ್ಟುಕೊಟ್ಟ ಕೆಳಗಿನ ತುಂಡು ತೋಟವನ್ನು ತಾವೇ ನಿಂತು ನೋಡಿಕೊಳ್ಳುತ್ತಿದ್ದರು. ನಡುವೆ ಕಾಫಿ ಗಿಡ, ಕಿತ್ತಳೆ, ನೆರಳಿನ ಸಿಲ್ವರ್ ಮರಕ್ಕೆ ಹಬ್ಬಿದ ಕಾಳುಮೆಣಸು. ಒಂದು ಮನೆಯಿಂದ ಇನ್ನೊಂದು ಕಾಣುತ್ತಿರಲಿಲ್ಲ. ಕೇಳುತ್ತಿತ್ತು.

ಬೆಳಿಗ್ಗೆ ಕಾಫಿ ಸೋಸಿ ಲೋಟಕ್ಕೆ ಬಗ್ಗಿಸಿದ ಮೇಲೆ ಅತ್ತೆ ಅಂಗಳದ ತುದಿಗೆ ಬಂದು ಮೇಲಕ್ಕೆ ಮುಖ ಮಾಡಿ 'ಕೂ' ಎಂದು ಕೂಗುತ್ತಿದ್ದರು. ಅಮ್ಮ ಎಲ್ಲಿದ್ದರೂ, ಒಲೆಯ ಮುಂದಿದ್ದರೂ ದನದ ಹಟ್ಟಿಯಲ್ಲಿದ್ದರೂ, 'ಓ' ಎನ್ನಬೇಕು. ಆ 'ಓ' ಬರುವವರೆಗೆ ಅತ್ತೆ ಕಾಫಿ ಕುಡಿಯುತ್ತಿರಲಿಲ್ಲ. ಕೂಗಿಗೆ ಮರುಕೂಗು ಕೊಡದಿರುವುದು ನಮ್ಮ ಕಡೆ ಮನೆಗೆ ಬಂದವರಿಗೆ ನೀರು ಕೊಡದಿದ್ದಷ್ಟೇ ದೊಡ್ಡ ಮಾತು. ಎರಡನೇ ಕೂಗಿಗೂ 'ಓ' ಬರದಿದ್ದರೆ ಅತ್ತೆ ಲೋಟಕ್ಕೆ ತಟ್ಟೆ ಮುಚ್ಚಿ ಗುಡ್ಡ ಹತ್ತಿ ಬಂದುಬಿಡುತ್ತಿದ್ದರು.

"ಸತ್ತಿದೀರೋ ಬದುಕಿದೀರೋ ನೋಡಾಣ ಅಂತ ಬಂದೆ."

"ಹಾಲು ಉಕ್ಕಿತ್ತು ಅತ್ತಿಗೆ, ಒರೆಸ್ತಿದ್ದೆ."

"ಒರೆಸೋಕೆ ಬಾಯಿ ಯಾಕೆ ಬೇಕು? ಕೈಯಲ್ಲಿ ಒರೆಸು, ಬಾಯಲ್ಲಿ ಓ ಅನ್ನು."

ಅವರಿಬ್ಬರಿಗೆ ಜಗಳಗಳೂ ಆಗುತ್ತಿದ್ದವು. ನಾದಿನಿ ಅತ್ತಿಗೆಯರ ನಡುವೆ ಆಗುವಂಥವೇ. ಜಗಳದ ಮರುದಿನ ಅಮ್ಮನ 'ಓ' ಗಿಡ್ಡವಾಗಿರುತ್ತಿತ್ತು, ಅಷ್ಟೆ. ಜಗಳಕ್ಕಾಗಿ ಬಾರದೆ ಇದ್ದದ್ದು ನನಗೆ ನೆನಪಿಲ್ಲ. ನೆನಪಿಲ್ಲ ಎಂದರೆ ಇರಲೇ ಇಲ್ಲ ಎಂದಲ್ಲ. ಇತಿಹಾಸ ಓದಿಕೊಂಡು ಕಾಲೇಜಿನಲ್ಲಿ ಅದನ್ನೇ ಪಾಠ ಮಾಡುವವಳು ನಾನು. ಬಾಯಿಮಾತಿನ ಸಾಕ್ಷ್ಯವನ್ನು ಹೇಗೆ ಅನುಮಾನಿಸಬೇಕು ಎಂದು ಮಕ್ಕಳಿಗೆ ಹೇಳಿಕೊಡುತ್ತೇನೆ. ನನ್ನದೇ ಸಾಕ್ಷ್ಯದ ಸರದಿ ಬಂದಾಗ ಮಾತ್ರ ಅನುಮಾನಕ್ಕೆ ಮನಸ್ಸು ಒಪ್ಪುವುದಿಲ್ಲ.

ತೊಂಬತ್ತರ ದಶಕವೆಲ್ಲ ಆ ಕೂಗಿನಲ್ಲೇ ಕಳೆಯಿತು. ನೆಂಟರು ಬಂದರೆ ಒಂದು ಬಗೆ, ಕಾಟಿ ಎಂಬ ಕಾಡುಕೋಣ ತೋಟಕ್ಕೆ ನುಗ್ಗಿದರೆ ಇನ್ನೊಂದು ಬಗೆ, ಕಾಫಿ ಹಣ್ಣು ಕುಯ್ಯುವವರನ್ನು ಊಟಕ್ಕೆ ಬಿಡುವಾಗ ಮತ್ತೊಂದು. ನಾನು ಚಿಕ್ಕಮಗಳೂರಿನಲ್ಲಿ ಕೆಲಸಕ್ಕೆ ಸೇರಿ ಶನಿವಾರಗಳಲ್ಲಿ ಬಸ್ಸಿಳಿದು ಬರುವಾಗ, ರಸ್ತೆಯ ತಿರುವಿನಲ್ಲಿ ಅತ್ತೆಯ ದನಿ ಕಿವಿಗೆ ಬಿದ್ದರೆ ಬ್ಯಾಗಿನ ಭಾರ ಇಳಿದ ಹಾಗಾಗುತ್ತಿತ್ತು.

ಆಮೇಲೆ ಅತ್ತೆಯ ಗಂಟಲು ಒಡೆಯಿತು. ಮೊದಮೊದಲು ಶೀತ ಎಂದುಕೊಂಡೆವು. ಮಂಗಳೂರಿನ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದಾಗ, ಜೀವ ಉಳಿಯಬೇಕಾದರೆ ದನಿಪೆಟ್ಟಿಗೆಯನ್ನು ತೆಗೆಯಬೇಕು ಎಂದರು. ತೆಗೆದರು. ಜೀವ ಉಳಿಯಿತು. ಕತ್ತಿನ ತೂತಿನ ಮೇಲೆ ತೆಳ್ಳನೆಯ ಬಟ್ಟೆ ಕಟ್ಟಿಕೊಂಡು ಅತ್ತೆ ಕೆಳಮನೆಗೆ ಮರಳಿದರು. ಮೇಲ್ಮನೆಯಲ್ಲೇ ಇರಿ ಎಂದು ಅಮ್ಮ ಎಷ್ಟು ಹೇಳಿದರೂ ಕೈಯಾಡಿಸಿ ಬೇಡ ಎಂದರು.

ಬೆಳಗಿನ ಕೂಗು ನಿಂತಿತು. ನನ್ನ ತಮ್ಮ ಒಂದು ಸ್ಲೇಟು ತಂದುಕೊಟ್ಟ. ಎದುರಿಗಿದ್ದವರಿಗೆ ಅದೇನೋ ಸಾಕಾಗುತ್ತಿತ್ತು, ಗುಡ್ಡದ ಮೇಲಿದ್ದವರಿಗೆ ಅದರಲ್ಲಿ ಏನು ಬರೆದು ತೋರಿಸುವುದು? ಮೊಬೈಲಿಗೆ ಸಿಗ್ನಲ್ ಸಿಗುತ್ತಿದ್ದುದು ಗುಡ್ಡದ ನೆತ್ತಿಯ ಒಂದು ಬಂಡೆಯ ಮೇಲೆ ಮಾತ್ರ. ಕೆಲವು ದಿನ ಹಿತ್ತಾಳೆ ತಟ್ಟೆ ಬಡಿದು ನೋಡಿದರು. ಅಮ್ಮ 'ಓ' ಎಂದರು. ಒಂದು ದಿನ ಅದೂ ನಿಂತಾಗ ನಾನು ಕೆಳಗೆ ಹೋಗಿ ಯಾಕೆಂದು ಕೇಳಿದೆ. ಅತ್ತೆ ಸ್ಲೇಟಿನಲ್ಲಿ ಬರೆದರು: 'ಜಾಗಟೆ ಹೊಡೆಯೋಕೆ ಇಲ್ಲಿ ಯಾವ ದೇವರು ಕೂತಿದೆ?'

ಅತ್ತೆ ಬರುಬರುತ್ತಾ ಮನೆಯಿಂದ ಹೊರಗೆ ಬರುವುದನ್ನೇ ಕಡಿಮೆ ಮಾಡಿದರು. ತೋಟದಾಳುಗಳ ಮೇಸ್ತ್ರಿಯ ಜೊತೆ ಕೈಸನ್ನೆಯಲ್ಲಿ ಮಾತು. ನಾವು ಹೋದರೆ ಕಾಫಿ ಕೊಟ್ಟು ಗೋಡೆ ನೋಡುತ್ತ ಕೂರುವುದು. ಮಾತೇ ಜೀವವಾಗಿದ್ದ ಹೆಂಗಸು ಕಣ್ಣೆದುರೇ ಮುಚ್ಚಿಹೋಗುತ್ತಿದ್ದರು. ನಮಗೆ ಯಾರಿಗೂ ಏನು ಮಾಡಬೇಕೆಂದು ತಿಳಿಯುತ್ತಿರಲಿಲ್ಲ.

ಆ ಹೊತ್ತಿಗೆ ಫೋನಿನ ತಂತಿಯಲ್ಲೇ ಇಂಟರ್ನೆಟ್ ಬಂತು. ತಮ್ಮ ತೋಟ ನೋಡಿಕೊಳ್ಳುತ್ತಿದ್ದ. ಕಾಫಿ, ಮೆಣಸಿನ ದಿನದ ಧಾರಣೆ ಮನೆಯಲ್ಲೇ ಕೂತು ನೋಡಬೇಕೆಂದು ಅವನಿಗೆ ಆಸೆ. ಕಂಪ್ಯೂಟರಿನ ಪಕ್ಕ ಒಂದು ಬಿಳಿ ಪೆಟ್ಟಿಗೆ ಕೂತಿತು. ಅದಕ್ಕೆ ರೌಟರ್ ಎನ್ನುತ್ತಾರೆ ಎಂದ. ಬೆನ್ನಿನಲ್ಲಿ ತಂತಿ ಸಿಕ್ಕಿಸುವ ನಾಲ್ಕು ತೂತು, ಒಂದಕ್ಕೆ ಮಾತ್ರ ತಂತಿ.

ಧೂಳು ಒರೆಸುತ್ತಿದ್ದ ಅಮ್ಮ ಪೆಟ್ಟಿಗೆಯನ್ನು ತಿರುಗಿಸಿ ನೋಡಿ, "ಉಳಿದ ಮೂರು ಯಾಕೆ ಖಾಲಿ ಬಿಟ್ಟಿದಾರೆ? ನಾವು ಕೊಟ್ಟ ದುಡ್ಡಲ್ಲಿ ಅವೂ ಸೇರಿಲ್ವಾ?" ಎಂದರು.

"ಇನ್ನೂ ಕಂಪ್ಯೂಟರ್ ಇದ್ರೆ ಹಾಕ್ಬಹುದಮ್ಮ. ಒಂದೇ ಫೋನು, ಎಲ್ಲದಕ್ಕೂ ಸಾಕಾಗ್ತದೆ."

"ಹಂಗಾದ್ರೆ ಕೆಳಮನೆಗೊಂದು ಎಳಿ."

ಹೀಗೆ ಹೇಳಿದ್ದು ಅಮ್ಮ ಎಂದು ನಾನು ಬರೆಯುತ್ತಿದ್ದೇನೆ. ತಮ್ಮ, ಅದು ತನ್ನ ಯೋಚನೆ ಎನ್ನುತ್ತಾನೆ. ಬಹಳ ವರ್ಷ ಅದು ನನ್ನ ಯೋಚನೆ ಎಂದು ನಾನೇ ನಂಬಿದ್ದೆ. ಯಾಕೆಂದರೆ ಕೆಳಮನೆಗೆ ಹೋದದ್ದು ನನ್ನ ಹಳೆಯ ಕಂಪ್ಯೂಟರು. ಆ ವಾರ ನಾನು ಡೈರಿಯಲ್ಲಿ ಬರೆದದ್ದು ಪರೀಕ್ಷೆಯ ಕೆಲಸ ಮತ್ತು ಬಿಸಿಲು, ಅಷ್ಟೆ. ಹಾಗಾಗಿ ಅಮ್ಮನಿಗೇ ಬಿಟ್ಟುಕೊಡುತ್ತೇನೆ. ಕೂಗಿನ ಬಾಧ್ಯತೆ ಇದ್ದದ್ದು ಅವರಿಗೆ.

ಚಿಕ್ಕಮಗಳೂರಿನ ಅಂಗಡಿಯವನು, ಈ ತಂತಿ ನೂರು ಮೀಟರ್ ದಾಟಿದರೆ ಕೆಲಸ ಮಾಡುವುದಿಲ್ಲ ಎಂದ. ತಮ್ಮ ಕಾಫಿ ಗಿಡ ನೆಡುವಾಗ ಸಾಲು ಹಿಡಿಯುವ ಗಂಟು ಹಗ್ಗ ತೆಗೆದುಕೊಂಡು ಇಳಿಜಾರನ್ನು ನೇರವಾಗಿ ಅಳೆದ. ಸ್ವಲ್ಪ ಕಡಿಮೆಯೇ ಬಂತು. ಎಲ್ಲರಿಗೂ ಖುಷಿ, ಅಪ್ಪನಿಗೆ ಮಾತ್ರ ನಿರಾಸೆ.

"ಇಷ್ಟೇನಾ? ಇಷ್ಟು ದೂರಕ್ಕೆ ಅಕ್ಕ ಅಷ್ಟು ದೊಡ್ಡ ದನಿ ತೆಗೀತಿದ್ಲಾ?"

ತಂತಿಯನ್ನು ಮರದಿಂದ ಮರಕ್ಕೆ ಎಳೆದರೆ ಮಂಗಗಳು ಬಿಡುವುದಿಲ್ಲ. ನೆಲದ ಮೇಲೆ ಬಿಟ್ಟರೆ ಕಳೆ ಹೊಡೆಯುವವರ ಕತ್ತಿಗೆ ಸಿಗುತ್ತದೆ. ಆಗ ಹಳೆಯ ನೀರಿನ ಪೈಪಿನ ನೆನಪಾಯಿತು. ಮೊದಲೆಲ್ಲ ಕೆಳಮನೆಗೆ ನೀರು ಹೋಗುತ್ತಿದ್ದುದು ನಮ್ಮ ತೊಟ್ಟಿಯಿಂದ. ಅತ್ತೆ ಸ್ವಂತ ಬಾವಿಗೆ ಮೋಟಾರು ಹಾಕಿಸಿಕೊಂಡ ಮೇಲೆ ಆ ಕಪ್ಪು ಪೈಪು ಮಣ್ಣಿನಡಿ ಸುಮ್ಮನೆ ಬಿದ್ದಿತ್ತು. ಅದರೊಳಗೆ ತಂತಿ ಹೋಗಬಹುದು, ಆದರೆ ತಳ್ಳಿದರೆ ಹೋಗುವುದಿಲ್ಲ, ಆ ಕಡೆಯಿಂದ ಎಳೆಯಬೇಕು. ಎಳೆಯಲು ಮೊದಲು ಒಂದು ದಾರ ಆ ಕಡೆಗೆ ತಲುಪಬೇಕು.

ಉಪಾಯ ಅಪ್ಪನದು. ಗಾಳದ ದಾರದ ತುದಿಗೆ ಬೆಂಡಿನ ಒಂದು ಚೂರು ಕಟ್ಟಿ ಪೈಪಿನ ಬಾಯಿಗೆ ಬಿಟ್ಟರು. ಹಿಂದೆಯೇ ಕೊಡದಿಂದ ನೀರು ಸುರಿದರು. ನೀರು ಬೆಂಡನ್ನು ಹೊತ್ತುಕೊಂಡು ಹೋಗಬೇಕು. ಪೈಪಿನ ಕೆಳಗಿನ ತುದಿಗೆ ಬಕೆಟ್ ಇಟ್ಟುಕೊಂಡು ಅತ್ತೆ ಕಾಯುತ್ತಿದ್ದರು. ದಾರ ನನ್ನ ಬೆರಳುಗಳ ನಡುವಿನಿಂದ ಸರಿಯಿತು, ನಿಂತಿತು, ಮತ್ತೆ ಸರಿಯಿತು. ಕೊನೆಗೆ ಪೂರ್ತಿ ನಿಂತುಬಿಟ್ಟಿತು.

ಅಪ್ಪ ಅಂಗಳದ ತುದಿಗೆ ಹೋಗಿ ಕೂಗಿದರು. "ಬಂತಾ ಅಕ್ಕಾ?"

ಕೂಗಿದ ಮೇಲೆ ನಮಗೆಲ್ಲ ಹೊಳೆಯಿತು, ಉತ್ತರ ಬರಲಾರದು ಎಂದು. ಅಪ್ಪ ನಮ್ಮ ಕಡೆ ತಿರುಗಲೇ ಇಲ್ಲ. ಬೆನ್ನು ಮಾಡಿಕೊಂಡು ಹಾಗೇ ನಿಂತಿದ್ದರು.

ಅಷ್ಟರಲ್ಲಿ ನನ್ನ ಕೈಯಲ್ಲಿದ್ದ ದಾರ ಜಗ್ಗಿತು. ನೀರಿನ ಜಗ್ಗಾಟವಲ್ಲ, ಕೈಯದು. ಮೀನು ಕಚ್ಚಿದರೆ ಹೇಗೋ ಹಾಗೆ ಗಟ್ಟಿಯಾಗಿ ಒಮ್ಮೆ. ನಾನು ಏನಾದರೂ ಹೇಳುವ ಮೊದಲೇ ಅಮ್ಮ ನನ್ನ ಕೈಯಿಂದ ದಾರ ಕಿತ್ತುಕೊಂಡು ತಾವೂ ಒಮ್ಮೆ ಜಗ್ಗಿದರು. ಬಾಯಲ್ಲಿ, ಯಾರಿಗೂ ಕೇಳದ ಹಾಗೆ, 'ಓ' ಎಂದರು.

ದಾರಕ್ಕೆ ಕಟ್ಟಿದ ತಂತಿ ಕೆಳಮನೆ ತಲುಪಿತು. ಕಂಪ್ಯೂಟರಿನ ಕೀಲಿಗಳ ಮೇಲೆ ನಾನು ಕನ್ನಡ ಅಕ್ಷರಗಳನ್ನು ಚೀಟಿಯಲ್ಲಿ ಬರೆದು ಅಂಟಿಸಿಕೊಟ್ಟೆ. ತಮ್ಮ ಎರಡೂ ಕಂಪ್ಯೂಟರಿಗೆ ಮಾತಾಡುವ ಒಂದು ಪ್ರೋಗ್ರಾಂ ಹಾಕಿದ. ಇಲ್ಲಿ ಬರೆದರೆ ಅಲ್ಲಿ 'ಟಿಂಗ್' ಎಂದು ಸದ್ದಾಗಿ ಅಕ್ಷರ ಮೂಡುತ್ತದೆ. ಯಂತ್ರಗಳಿಗೆ ಹೆಸರಿಡಬೇಕಂತೆ. ಮೇಲ್ಮನೆ, ಕೆಳಮನೆ ಎಂದೇ ಇಟ್ಟ. ಅತ್ತೆ ಕಲಿಯಲು ತೆಗೆದುಕೊಂಡ ಸಮಯ ನಾವು ಎಣಿಸಿದ್ದಕ್ಕಿಂತ ಬಹಳ ಕಡಿಮೆ. ಹೇಳಬೇಕಾದ ಮಾತು ಅಷ್ಟೊಂದು ಒಳಗೆ ಸೇರಿಕೊಂಡಿತ್ತು.

ಬೆಳಿಗ್ಗೆ ಟಿಂಗ್. 'ಕೂ'. ಅಮ್ಮ ಸೆರಗಿಗೆ ಕೈ ಒರೆಸಿಕೊಂಡು ಬಂದು, ಒಂದೇ ಬೆರಳಿನಲ್ಲಿ ಹುಡುಕಿ ಹುಡುಕಿ 'ಓ' ಒತ್ತುತ್ತಿದ್ದರು.

'ನಿನ್ನ ಓ ಬರೋ ಹೊತ್ತಿಗೆ ನನ್ನ ಕಾಫಿ ತಣ್ಣಗಾಗ್ತದೆ ಮಾರಾಯ್ತಿ.'

'ನಿಮ್ಮನೆ ನಾಯಿ ಇಲ್ಲಿದೆ. ಇಲ್ಲಿ ಮೀನು ಬೇಯ್ತಾ ಇದೆ. ಬೇಕಾದ್ರೆ ನೀವೂ ಬರಬಹುದು, ನಾಯಿ ಬೇಡ ಅನ್ನಲ್ಲ.'

'ನಿನ್ನ ಗಂಡನಿಗೆ ಹೇಳು, ಹರಿದ ಚಡ್ಡೀಲಿ ತೋಟಕ್ಕೆ ಬರಬೇಡ ಅಂತ. ಮೇಸ್ತ್ರಿ ನನ್ನ ಮುಖ ನೋಡಿ ನಗ್ತಾನೆ.'

ಅಪ್ಪ ಓದಿ, "ಗಂಟಲು ಹೋದ್ರೂ ನಾಲಿಗೆ ಹೋಗ್ಲಿಲ್ಲ ನೋಡು ಇವಳದು" ಎಂದರು. ಅವರ ಕಣ್ಣು ಒದ್ದೆಯಾಗಿತ್ತು ಎಂದು ಬರೆಯಲು ಕೈ ಹೋಗುತ್ತದೆ. ನಾನು ನೋಡಿರಲಿಲ್ಲ.

ಅತ್ತೆ ಮತ್ತೆ ಅಂಗಳಕ್ಕೆ ಬರತೊಡಗಿದರು. ಸಂಜೆ ಗುಡ್ಡ ಹತ್ತಿ ಬಂದು ಅಮ್ಮನ ಪಕ್ಕ ಕೂತು, ಬೆಳಿಗ್ಗೆ ತಾವು ಬರೆದದ್ದನ್ನು ಪರದೆಯ ಮೇಲೆ ತೋರಿಸಿ ಭುಜ ಕುಣಿಸಿ ನಗುತ್ತಿದ್ದರು. ನಗುವಿಗೂ ದನಿ ಇರಲಿಲ್ಲ.

ಮುಂದಿನ ವರ್ಷ ಹೂಮಳೆಯ ಕಾಲಕ್ಕೆ ಎಡವಟ್ಟಾಯಿತು. ಕಾಫಿ ಹೂವಾಗಲು ಬೇಕಾದ ಆ ಬೇಸಿಗೆಯ ಮಳೆ ಸುಮ್ಮನೆ ಬರುವುದಿಲ್ಲ, ಗುಡುಗು ಸಿಡಿಲನ್ನು ಕಟ್ಟಿಕೊಂಡೇ ಬರುತ್ತದೆ. ಮೋಡ ಕಪ್ಪಾದರೆ ಮನೆಯ ಸಕಲ ಪ್ಲಗ್ಗುಗಳನ್ನೂ ಕೀಳುವುದು ನಮ್ಮಲ್ಲಿ ದೀಪ ಹಚ್ಚಿದಷ್ಟೇ ರೂಢಿ. ಒಂದು ಮಧ್ಯಾಹ್ನ ಎಲ್ಲೋ ಮರ ಬಿದ್ದು ಫೋನು ಸತ್ತಿತು. ಸರಿಮಾಡಲು ಯಾರೂ ಬೇಗ ಬರುವುದಿಲ್ಲವೆಂದು ಗೊತ್ತಿತ್ತು. ಅಪ್ಪ ಬಿಳಿ ಪೆಟ್ಟಿಗೆಯ ಪ್ಲಗ್ಗನ್ನು ಕಿತ್ತವರು ಮತ್ತೆ ಹಾಕಲೇ ಇಲ್ಲ. ಫೋನೇ ಇಲ್ಲದ ಮೇಲೆ ನೆಟ್ಟಿಲ್ಲ. ನೆಟ್ಟಿಲ್ಲದ ಮೇಲೆ ಪೆಟ್ಟಿಗೆಗೆ ಯಾಕೆ ಕರೆಂಟು? ಊರಿನ ಹೊಳೆ ಬತ್ತಿದ ಮೇಲೆ ಪಂಪು ಓಡಿಸುತ್ತಾರೆಯೇ? ತಮ್ಮನಿಗೂ ಇದು ಸರಿಯಾಗಿಯೇ ಕಂಡಿತು. ನಾನು ಅಲ್ಲಿದ್ದಿದ್ದರೆ ನನಗೂ ಕಾಣುತ್ತಿತ್ತು. ಫೋನು ಸತ್ತಿದೆ ಎಂದು ಅತ್ತೆಗೆ ಯಾರೂ ಹೇಳಿರಲಿಲ್ಲ. ಹೂಮಳೆ ಬಿದ್ದ ಮೇಲಿನ ಕೆಲಸದಲ್ಲಿ ಅಪ್ಪ, ತಮ್ಮ ಇಬ್ಬರೂ ಮುಳುಗಿದ್ದರು. ಅಮ್ಮ ಜ್ವರ ಬಂದು ಮಲಗಿದ್ದರು.

ಶನಿವಾರ ನಾನು ಬಂದಾಗ ಅಮ್ಮ ಎದ್ದು ಓಡಾಡುತ್ತಿದ್ದರು. "ಅತ್ತಿಗೆ ಈ ಕಡೆ ಬರ್ಲೇ ಇಲ್ಲ ನೋಡು. ಜ್ವರ ಅಂತ ಗೊತ್ತಿದ್ರೆ ಬರದೆ ಇರೋರಲ್ಲ. ಹೋಗಿ ನೋಡ್ಕೊಂಡು ಬಾ" ಎಂದರು.

ನಾನು ಕೆಳಗಿಳಿದೆ. ಗಿಡಗಳೆಲ್ಲ ಬೆಳ್ಳಗೆ ಹೂ ಮುಚ್ಚಿಕೊಂಡು, ಪರಿಮಳಕ್ಕೆ ತಲೆ ಹಿಡಿಯುವಂತಿತ್ತು. ಅತ್ತೆ ಕಾಫಿ ಕೊಟ್ಟರು. ನನ್ನ ಮುಖ ನೋಡಲಿಲ್ಲ. ಕಂಪ್ಯೂಟರಿನ ಪರದೆಯ ಮೇಲೆ ಒಗೆದ ಗೋಣಿಚೀಲವೊಂದನ್ನು ಮಡಿಸಿ ಹೊದಿಸಿದ್ದರು.

"ಯಾಕತ್ತೆ, ಕೆಟ್ಟಿದೆಯಾ?"

ಇಲ್ಲ ಎಂದು ತಲೆಯಾಡಿಸಿದರು. ಸ್ಲೇಟು ಮುಂದೆ ಹಿಡಿದೆ. ಬಳಪ ತೆಗೆದುಕೊಂಡು ಸಣ್ಣದಾಗಿ ಬರೆದರು: 'ನಿಮ್ಮಮ್ಮನಿಗೆ ಬೇಜಾರಾಗಿರಬೇಕು. ಆಗೋದೇ.'

"ಅಮ್ಮನಿಗೆ ಜ್ವರ ಇತ್ತು, ಫೋನು ಬೇರೆ ಸತ್ತಿದೆ" ಎಂದೆ. ಅತ್ತೆ ಹೌದಾ ಎಂಬಂತೆ ತಲೆಯಾಡಿಸಿದರು. ನಂಬಿದಂತೆ ಕಾಣಲಿಲ್ಲ. ದನಿ ಹೋದ ಮೇಲೆ ಎಲ್ಲರೂ ಅವರಿಗೆ ಸಮಾಧಾನದ ಮಾತನ್ನೇ ಹೇಳುತ್ತಿದ್ದರು, ಅದರಲ್ಲಿ ಯಾವುದು ನಿಜ ಎಂದು ಅವರಾದರೂ ಹೇಗೆ ಆರಿಸುವುದು? ಕೂಗಿದ್ದರು. ಮರುಕೂಗು ಬರಲಿಲ್ಲ. ಹಿಂದಿನ ಅತ್ತೆಯಾಗಿದ್ದರೆ ಸತ್ತಿದೀರೋ ಬದುಕಿದೀರೋ ಎಂದು ಗುಡ್ಡ ಹತ್ತಿ ಬರುತ್ತಿದ್ದರು. ಈ ಅತ್ತೆ ಪರದೆಗೆ ಬಟ್ಟೆ ಮುಚ್ಚಿದ್ದರು.

ಆ ಕೋಣೆಯಲ್ಲಿ ಕಂಪ್ಯೂಟರಿನ ಫ್ಯಾನಿನ ಸಣ್ಣ ಗುಂಯ್ ಸದ್ದು ಕೇಳಿಸಿತ್ತು ಎಂದು ಈಗ ಅನ್ನಿಸುತ್ತದೆ. ಆಗ ಕೇಳಿಸಿದ್ದೋ, ಆಮೇಲೆ ನಡೆದದ್ದರಿಂದ ನಾನು ಸೇರಿಸಿಕೊಂಡದ್ದೋ, ತಿಳಿಯದು. ಕೇಳಿಸಿದ್ದರೆ ಅಲ್ಲೇ ಏನಾದರೂ ಹೇಳುತ್ತಿದ್ದೆನಲ್ಲ.

ಮೇಲೆ ಬಂದೆ. ಸೋಮವಾರಕ್ಕೆ ಬೇಕಾದ ಪ್ರಶ್ನೆಪತ್ರಿಕೆ ನನ್ನ ಲ್ಯಾಪ್‌ಟಾಪಿನಲ್ಲಿತ್ತು, ಪ್ರಿಂಟರು ಇದ್ದದ್ದು ಮನೆಯ ಕಂಪ್ಯೂಟರಿಗೆ. ಒಂದರಿಂದ ಇನ್ನೊಂದಕ್ಕೆ ಕಳಿಸಲು ಬಿಳಿ ಪೆಟ್ಟಿಗೆಯ ಪ್ಲಗ್ಗು ಹಾಕಿ, ಮೂರನೇ ತೂತಿಗೆ ನನ್ನ ತಂತಿ ಸಿಕ್ಕಿಸಿದೆ. ಇದು ಬರಿಯ ಮನೆಯೊಳಗಿನ ವ್ಯವಹಾರ, ಇದಕ್ಕೆ ಇಂಟರ್ನೆಟ್ ಬೇಡ ಎಂದು ನನಗೆ ಗೊತ್ತಿತ್ತು. ಕಾಲೇಜಿನ ಲ್ಯಾಬಿನಲ್ಲಿ ಮಾಡುತ್ತಿದ್ದುದೇ. ಗೊತ್ತಿದ್ದದ್ದನ್ನು ಕೆಳಮನೆಯವರೆಗೆ ಎಳೆದು ನೋಡಿರಲಿಲ್ಲ, ಅಷ್ಟೆ.

ಪರದೆಯಲ್ಲಿ ಹೆಸರುಗಳು ಬಂದವು. ಮೇಲ್ಮನೆ. ಅದರ ಕೆಳಗೆ, ಸ್ವಲ್ಪ ತಡವಾಗಿ, ಕೆಳಮನೆ.

ನಾನು ಅದನ್ನು ನೋಡುತ್ತ ಕೂತೆ. ಯಂತ್ರ ಆರಿದ್ದರೆ ಹೆಸರು ಬರುವುದಿಲ್ಲ. ಅತ್ತೆ ಪರದೆ ಮುಚ್ಚಿದ್ದರು, ಯಂತ್ರ ಆರಿಸಿರಲಿಲ್ಲ. ಗೋಣಿಯ ಹಿಂದೆ ಅದು ಕಾಯುತ್ತಲೇ ಇತ್ತು.

"ಅಮ್ಮಾ, ಬನ್ನಿ ಇಲ್ಲಿ. ಓ ಅನ್ನಿ."

"ಫೋನ್ ಸತ್ತಿದೆಯಲ್ಲೇ."

"ಇದಕ್ಕೆ ಫೋನ್ ಬೇಡಮ್ಮ. ಪೆಟ್ಟಿಗೆಗೆ ಕರೆಂಟಿದ್ರೆ ಸಾಕು."

ಅಮ್ಮ ನಂಬಲಿಲ್ಲ. ಆದರೂ ಮನೆಯ ಕಂಪ್ಯೂಟರಿನ ಮುಂದೆ ಕೂತು 'ಓ' ಒತ್ತಿದರು. ಏನೂ ಬರಲಿಲ್ಲ. ಮತ್ತೊಂದು ಒತ್ತಿದರು. ಅಪ್ಪ ಬಾಗಿಲಲ್ಲಿ ಬಂದು ನಿಂತರು. ಕೆಳಗೆ ಗೋಣಿಯಡಿಯಿಂದ ಟಿಂಗ್ ಎಂದಾಗ ಅತ್ತೆ ಕೋಣೆಯಲ್ಲಿದ್ದರೋ, ಅಂಗಳದಲ್ಲಿದ್ದರೋ. ಅಮ್ಮ ಬೆರಳು ಎತ್ತಿಕೊಂಡೇ ಇದ್ದರು.

ಟಿಂಗ್.

'ಯಾರದು? ಈಗ ಬಿಡುವಾಯ್ತಾ?'

ಅಮ್ಮ ಅಷ್ಟು ವೇಗವಾಗಿ ಬರೆದದ್ದನ್ನು ನಾನು ಹಿಂದೆಯೂ ನೋಡಿಲ್ಲ, ಮುಂದೆಯೂ ನೋಡಲಿಲ್ಲ. 'ಜ್ವರ ಬಂದಿತ್ತು ಅತ್ತಿಗೆ. ನಿಮ್ಮ ತಮ್ಮ ಪ್ಲಗ್ಗು ಕಿತ್ತಿಟ್ಟಿದ್ರು. ಸುಳ್ಳಲ್ಲ.'

ಸ್ವಲ್ಪ ತಡೆದು ಉತ್ತರ ಬಂತು: 'ಅವನ ಕೈಗೆ ಪ್ಲಗ್ಗು ಯಾಕೆ ಕೊಟ್ರಿ? ಗಂಜಿ ಮಾಡ್ಕೊಂಡು ಬರ್ತೀನಿ. ಮಲಗಿರು.'

ಅಪ್ಪನಿಗೆ ಎಲ್ಲವನ್ನೂ ಮತ್ತೆ ವಿವರಿಸಬೇಕಾಯಿತು. ಕೇಳಿ, "ಅಂದ್ರೆ ಹೊಳೆ ಬತ್ತಿದ್ರೂ ನಮ್ಮ ಎರಡು ತೊಟ್ಟಿ ಮಧ್ಯ ನೀರು ಓಡಾಡ್ತದೆ ಅಂತಾಯ್ತು" ಎಂದರು. ಅಲ್ಲಿಂದ ಮುಂದೆ ಗುಡುಗಿದರೆ ಪೆಟ್ಟಿಗೆಯಿಂದ ಫೋನಿನ ತಂತಿಯನ್ನು ಮಾತ್ರ ಕೀಳುತ್ತಿದ್ದರು. ಪ್ಲಗ್ಗನ್ನು ಯಾರಾದರೂ ಮುಟ್ಟಿದರೆ ಅವರೇ ಗದರುತ್ತಿದ್ದರು. ಮಳೆಗಾಲದಲ್ಲಿ ಎಷ್ಟೋ ದಿನ ಹೊರಗಿನ ಲೋಕದ ಸುದ್ದಿಯೇ ಇರುತ್ತಿರಲಿಲ್ಲ. ಕರೆಂಟು ಇರುವಷ್ಟು ಹೊತ್ತು ಕೂ ಮತ್ತು ಓ ಇರುತ್ತಿದ್ದವು.

ಅತ್ತೆ ಹೋಗಿ ಈಗ ಬಹಳ ವರ್ಷಗಳಾದವು. ನಿದ್ದೆಯಲ್ಲೇ ಹೋದರು. ಆ ಬೆಳಿಗ್ಗೆ ಟಿಂಗ್ ಬರಲಿಲ್ಲವೆಂದು ಅಮ್ಮ ಕಾಫಿ ಲೋಟವನ್ನು ಮುಚ್ಚಿಟ್ಟು ಗುಡ್ಡ ಇಳಿದು ಹೋಗಿ ನೋಡಿದ್ದರು. ಕೆಳಮನೆಯಲ್ಲಿ ಈಗ ತೋಟದ ಲೆಕ್ಕ ಬರೆಯುವ ನಮ್ಮ ರೈಟರ ಸಂಸಾರವಿದೆ. ಬಿಳಿ ಪೆಟ್ಟಿಗೆಯ ಜಾಗಕ್ಕೆ ತಂತಿ ಬೇಡದ ಕಪ್ಪು ಪೆಟ್ಟಿಗೆ ಬಂದಿದೆ. ಪೈಪಿನೊಳಗಿನ ತಂತಿಯನ್ನು ತೆಗೆದು ಅದರಲ್ಲಿ ಮತ್ತೆ ನೀರು ಬಿಡೋಣವೆಂದು ತಮ್ಮ ಹೇಳುತ್ತಲೇ ಇರುತ್ತಾನೆ. ಅಮ್ಮ ಕಿವಿಗೆ ಹಾಕಿಕೊಳ್ಳುವುದಿಲ್ಲ. ನನ್ನ ಹಳೆಯ ಲ್ಯಾಪ್‌ಟಾಪಿನಲ್ಲಿ ಕೆಳಮನೆ ಎಂಬ ಗುರುತು ಹಾಗೇ ಉಳಿದಿದೆ. ಒತ್ತಿದರೆ ಯಂತ್ರ ಸ್ವಲ್ಪ ಹೊತ್ತು ಹುಡುಕುತ್ತದೆ. ಸಿಗಲಿಲ್ಲ ಎಂದು ಹೇಳುವ ಮೊದಲಿನ ಆ ಸ್ವಲ್ಪ ಹೊತ್ತಿಗಾಗಿ ನಾನು ಅದನ್ನು ಒಮ್ಮೊಮ್ಮೆ ಒತ್ತಿದ್ದೇನೆ.

ಅತ್ತೆ ಬರೆದದ್ದರಲ್ಲಿ ಬಹಳಷ್ಟು ನನ್ನ ಹತ್ತಿರ ಇದೆ. ಇಲ್ಲದ್ದು ಆ ಕೂಗು. ಅದನ್ನು ಯಾರೂ ಹಿಡಿದಿಡಲಿಲ್ಲ. ನಿತ್ಯದ್ದನ್ನು ಯಾರು ಹಿಡಿದಿಡುತ್ತಾರೆ? ಈಗ ನೆನಪಿಸಿಕೊಳ್ಳಲು ಹೋದರೆ ಮೊದಲು ಬರುವುದು ಟಿಂಗ್. ಅದನ್ನು ಸರಿಸಿ ಹಿಂದಕ್ಕೆ ಕೈಹಾಕಿದರೆ ಏನೋ ಒಂದು ದನಿ ಸಿಗುತ್ತದೆ. ಅದು ಅತ್ತೆಯದೋ, ಅವರ ಮಾತುಗಳನ್ನು ಓದಿ ಓದಿ ನಾನೇ ಕಟ್ಟಿಕೊಂಡದ್ದೋ, ಆಣೆ ಮಾಡಿ ಹೇಳಲಾರೆ.

ಕಳೆದ ಸಲ ಊರಿಗೆ ಹೋದಾಗ ಇದೇ ಮಾತು ಬಂತು. ಕೂಗು ಕೊನೆಗೆ ಮೇಲೇರಿ ನಿಲ್ಲುತ್ತಿತ್ತು ಎಂದ ತಮ್ಮ. ಇಲ್ಲ, ಇಳಿದು ಕರಗುತ್ತಿತ್ತು ಎಂದೆ ನಾನು. ಅವನು ಕೂಗಿ ತೋರಿಸಿದ, ನಾನೂ ತೋರಿಸಿದೆ. ಯಾವುದೂ ಹತ್ತಿರ ಬರಲಿಲ್ಲ.

ಅಂಗಳದಲ್ಲಿ ಮೆಣಸು ಹರಡುತ್ತಿದ್ದ ಅಮ್ಮ ತಲೆ ಎತ್ತದೆ ಹೇಳಿದರು:

"ಏರ್ತಾನೂ ಇರ್ಲಿಲ್ಲ, ಇಳೀತಾನೂ ಇರ್ಲಿಲ್ಲ. ನಾನು ಓ ಅನ್ನೋವರೆಗೂ ಅದು ಮುಗೀತಾನೇ ಇರ್ಲಿಲ್ಲ."